ಪ್ರಶ್ನೋತ್ತರ: ಇಪ್ಪತ್ತು ವರ್ಷದ ಮೇಲೆ ಪಾಪನಿವೇದನೆ, ಅದೂ ಕನ್ನಡದಲ್ಲಿ

ಪ್ರಶ್ನೆ (ಸದಸ್ಯೆ, ಕುರ್ಲಾ): ಫಾದರ್, ನಮಸ್ಕಾರ. ಅಮ್ಮನಿಗೆ 76. ಊರು ಬಿಟ್ಟು ಮುಂಬಯಿಗೆ ಬಂದ ಮೇಲೆ 20 ವರ್ಷದಿಂದ ಪಾಪನಿವೇದನೆ (ಚರ್ಚಿನ ಗುರುಗಳ ಬಳಿ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದು) ಮಾಡಿಲ್ಲ. ಅವರಿಗೆ ಕನ್ನಡ ಬಿಟ್ಟು ಬೇರೆ ಬಾರದು, ನಮ್ಮ ಚರ್ಚಿನ ಗುರುಗಳಿಗೆ ಕನ್ನಡ ಬಾರದು. "ಎಷ್ಟೋ ಪಾಪ ಮರೆತೇ ಹೋಗಿದೆ, ದೇವರು ಹೇಗೆ ಕ್ಷಮಿಸುತ್ತಾನೆ" ಎಂದು ಕೊರಗುತ್ತಾರೆ. ವಿಡಿಯೋ ಕಾಲ್‌ನಲ್ಲಿ ಊರಿನ ಗುರುಗಳ ಹತ್ತಿರ ಮಾಡಿಸಬಹುದೇ?

ಉತ್ತರ (ಗುಂಪಿನ ಗುರುಗಳು): ಫೋನ್, ವಿಡಿಯೋದಲ್ಲಿ ಆಗುವುದಿಲ್ಲಮ್ಮ. ಈ ಸಂಸ್ಕಾರಕ್ಕೆ ಗುರು ಮತ್ತು ಪಾಪನಿವೇದನೆ ಮಾಡುವವರು ಇಬ್ಬರೂ ಎದುರಿಗಿರಬೇಕು.

ಮೊದಲು ಅಮ್ಮನಿಗೆ ಬೈಬಲಿನ ಲೂಕ 15ನೇ ಅಧ್ಯಾಯ ಓದಿ ಹೇಳಿ. ಆಸ್ತಿ ಕಳೆದುಕೊಂಡ ಮಗ ಮೂರು ಮಾತು ಕಟ್ಟಿಕೊಂಡು ಮನೆಗೆ ಹೊರಡುತ್ತಾನೆ: ಪಾಪ ಮಾಡಿದೆ, ಮಗನೆನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೋ (ವಚನ 18–19). ತಂದೆಯೆದುರು ಅವನ ಬಾಯಿಂದ ಬರುವುದು ಮೊದಲ ಎರಡೇ (21). ಮೂರನೆಯದಕ್ಕೆ ತಂದೆ ಬಿಡುವುದೇ ಇಲ್ಲ, ನಿಲುವಂಗಿ, ಉಂಗುರ, ಕಾಲಿಗೆ ಜೋಡು ತರಲು ಆಳುಗಳಿಗೆ ಹೇಳಿಯಾಗಿರುತ್ತದೆ. ಮಗ ಬಾಯಿ ತೆರೆಯುವ ಮುಂಚೆಯೇ ಓಡಿಬಂದು ತಬ್ಬಿಕೊಂಡದ್ದೂ ಅವನೇ (20). ದೇವರ ಮನಸ್ಸು ಕರಗಿಸುವ ಕೆಲಸ ಅಮ್ಮನ ಪಾಲಿಗಿಲ್ಲ, ಅದು ಮೊದಲೇ ಕರಗಿದೆ.

ಮರೆತ ಪಾಪದ ಮಾತು. ಪ್ರಾಮಾಣಿಕವಾಗಿ ನೆನಪು ಮಾಡಿಕೊಂಡೂ ಬಿಟ್ಟುಹೋದದ್ದು ಉಳಿದವುಗಳ ಜೊತೆಗೇ ಕ್ಷಮೆಯಾಗುತ್ತದೆ. ಮುಂದೆ ಗಂಭೀರವಾದದ್ದು ನೆನಪಾದರೆ ಮುಂದಿನ ಸಲ ಹೇಳಿದರಾಯಿತು. ಕೆಡುವುದು ಎಲ್ಲಿ ಎಂದರೆ, ಗೊತ್ತಿದ್ದೂ ನಾಚಿಕೆಯಿಂದ ಗಂಭೀರ ಪಾಪವನ್ನು ಮುಚ್ಚಿಟ್ಟಾಗ. ಆಗ ಆ ನಿವೇದನೆ ಸಲ್ಲುವುದಿಲ್ಲ, ಮತ್ತೆ ಮಾಡಬೇಕು.

ಹಿಂದಿನ ರಾತ್ರಿ ಹತ್ತು ಆಜ್ಞೆಗಳನ್ನು ಒಂದೊಂದಾಗಿ ಓದಿ, ಅಮ್ಮ ಮನಸ್ಸಿನಲ್ಲೇ ಹುಡುಕಿಕೊಳ್ಳಲಿ. ನೀವು ಕೇಳಬೇಡಿ. ಗುರುಗಳ ಬಳಿ ಶಿಲುಬೆ ಗುರುತು ಮಾಡಿ, ಎಷ್ಟು ವರ್ಷವಾಯಿತೆಂದು ಮೊದಲೇ ಹೇಳಲಿ, ಮುಂದಿನದಕ್ಕೆ ಗುರುಗಳೇ ಕೈ ಹಿಡಿದು ನಡೆಸುತ್ತಾರೆ. ಗಂಭೀರ ಪಾಪವಾದರೆ ಯಾವ ಬಗೆಯದು, ಸುಮಾರು ಎಷ್ಟು ಸಲ ಎಂದಷ್ಟೇ ಸಾಕು. ಸೊಸೆ ಏನಂದಳು, ನೆರೆಯವಳು ಏನು ಮಾಡಿದಳು ಎಂಬ ಕಥೆ ಬೇಡ. ಆಮೇಲೆ ಪಶ್ಚಾತ್ತಾಪದ ಪ್ರಾರ್ಥನೆ. ಅದು ಮರೆತಿದ್ದರೆ ಅಮ್ಮನದೇ ಮಾತಿನಲ್ಲಿ "ತಪ್ಪಾಯಿತು ತಂದೆಯೇ" ಎಂದರೂ ಆಗುತ್ತದೆ.

ಇನ್ನು ಭಾಷೆ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 990ನೇ ನಿಯಮ ದುಭಾಷಿಯ ಮೂಲಕ ಪಾಪನಿವೇದನೆಗೆ ಅವಕಾಶ ಕೊಡುತ್ತದೆ. ಕೇಳಿದ್ದನ್ನು ಗುಟ್ಟಾಗಿಡಬೇಕೆಂಬ ಕಟ್ಟು ಗುರುಗಳಂತೆ ದುಭಾಷಿಗೂ ಇದೆ (ನಿಯಮ 983). ಆದರೆ ಮಗಳಾದ ನೀವೇ ಆ ಜಾಗದಲ್ಲಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ಮಕ್ಕಳೆದುರು ತಾಯಿಗೆ ಬಾಯಿ ಬರುವುದಿಲ್ಲ. ಮೊದಲು ಚರ್ಚ್ ಆಫೀಸಿನಲ್ಲಿ ಕನ್ನಡ ಬಲ್ಲ ಗುರುಗಳು ಹತ್ತಿರ ಎಲ್ಲಿದ್ದಾರೆಂದು ವಿಚಾರಿಸಿ. ಮಂಗಳೂರು ಕಡೆಯವರು ಸಿಕ್ಕಿದರೆ ಒಳ್ಳೆಯದೇ ಆಯಿತು. ಅಮ್ಮನಿಗೆ ನಡೆಯಲಾಗದಿದ್ದರೆ ಮನೆಗೇ ಕರೆಯಿರಿ.

ಇನ್ನೊಬ್ಬ ಸದಸ್ಯರು (ಅಂಧೇರಿ): ಫಾದರ್, ಪ್ರಾಯಶ್ಚಿತ್ತವಾಗಿ ಬರೀ ಮೂರು ನಮೋ ಮರಿಯಾ ಪ್ರಾರ್ಥನೆ ಹೇಳಲು ಕೊಡುತ್ತಾರೆ. ದೊಡ್ಡ ಪಾಪಕ್ಕೆ ಅಷ್ಟು ಸಾಕೇ? ಚೀಟಿ ದುಡ್ಡು ನುಂಗಿದವನಿಗೂ ಅಷ್ಟೇನಾ?

ಉತ್ತರ: ಪ್ರಾಯಶ್ಚಿತ್ತವನ್ನು ಬೆಲೆಯೆಂದು ಎಣಿಸುವುದರಿಂದ ಈ ಗೊಂದಲ. ಬೆಲೆ ಶಿಲುಬೆಯ ಮೇಲೆ ಸಂದಾಯವಾಗಿದೆ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ಸತ್ತನೆಂದು ರೋಮಾಪುರದವರಿಗೆ ಬರೆದ ಪತ್ರದ 5:8ರಲ್ಲಿದೆ. ಪ್ರಾಯಶ್ಚಿತ್ತ ಗಾಯ ಮಾಯಲು ಹಚ್ಚುವ ಮುಲಾಮು. ಆದರೆ ಚೀಟಿ ದುಡ್ಡು ಬೇರೆ ವಿಷಯ. ಕದ್ದದ್ದನ್ನು ಶಕ್ತಿಯಿದ್ದಷ್ಟು ವಾಪಸು ಕೊಡಲೇಬೇಕು. ಒಟ್ಟಿಗೆ ಆಗದಿದ್ದರೆ ತಿಂಗಳಿಗಿಷ್ಟೆಂದು ಕೊಡಲಿ. ಕಳೆದುಕೊಂಡವರು ತೀರಿಹೋಗಿದ್ದರೆ ಅವರ ಮಕ್ಕಳಿಗೆ, ಯಾರೂ ಸಿಗದಿದ್ದರೆ ಬಡವರಿಗೆ. ಕ್ಷಮೆಗಾಗಿ ಆ ಕೊನೆಯ ಕಂತಿನವರೆಗೆ ಕಾಯಬೇಕಿಲ್ಲ, ತೀರಿಸುತ್ತೇನೆಂಬ ಮನಸ್ಸು ನಿಜವಾಗಿರಬೇಕು.

ಕುರ್ಲಾದ ಸದಸ್ಯೆ: ಅಮ್ಮನಿಗೆ ಓದಿ ಹೇಳಿದೆ ಫಾದರ್. "ಕೂಲಿಯಾಳು ಅನ್ನೋ ಮಾತು ಅಪ್ಪ ಬಾಯಲ್ಲೇ ತಡೆದನಾ?" ಎಂದು ಎರಡು ಸಲ ಕೇಳಿದರು. ನಾಳೆ ಚರ್ಚ್ ಆಫೀಸಿಗೆ ಹೋಗಿ ವಿಚಾರಿಸುತ್ತೇನೆ.