ನೀರಾವರಿ ಕಾಮಗಾರಿಯ ‘ಸ್ಟೇಕ್‌ಹೋಲ್ಡರ್’ಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ವಿದೇಶಿ ನೆರವಿನಲ್ಲಿ ನಡೆಯುವ ಕಾಲುವೆ ಕಾಮಗಾರಿಗಳ ಬಗ್ಗೆ ಊರಿನವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಅಧ್ಯಾಯ ‘ಎಕ್ಸ್‌ಟರ್ನಲ್ ಸ್ಟೇಕ್‌ಹೋಲ್ಡರ್’ಗಳದು. ಇವರು ಇಲಾಖೆಯವರಲ್ಲ, ಗುತ್ತಿಗೆದಾರರೂ ಅಲ್ಲ. ಆದರೆ ಕೆಲಸದ ಬಿಸಿ ಇವರಿಗೆ ತಟ್ಟುತ್ತದೆ, ಇಲ್ಲವೇ ಇವರು ಒಪ್ಪದೆ ಕೆಲಸ ಸಾಗುವುದಿಲ್ಲ. ಇವರನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

ಈಗ ಜಾಸ್ತಿ ಕಾಣುವುದು ‘ಮಧ್ಯಸ್ಥಗಾರರು’. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಮಧ್ಯಸ್ಥ ಅಂದರೆ ಇಬ್ಬರ ವ್ಯಾಜ್ಯದ ನಡುವೆ ಕೂತು ಬಗೆಹರಿಸುವವನು. ಕಾಲುವೆಗೆ ಹೊಲ ಬಿಟ್ಟುಕೊಡುವ ರೈತ ಆ ವ್ಯಾಜ್ಯದಲ್ಲಿ ತಾನೇ ಒಂದು ಕಡೆಯವನು.

‘ಪಾಲುದಾರರು’, ‘ಭಾಗೀದಾರರು’ ವ್ಯಾಪಾರಕ್ಕೆ ಸರಿ. ನೀರಾವರಿಯಲ್ಲಿ ಪಾಲು ಅಂದ ಕೂಡಲೇ ಹೊಳೆಯುವುದು ನೀರಿನ ಪಾಲು. ‘ಪಾಲುದಾರರ ಸಭೆ’ ಎಂದು ಡಂಗುರ ಸಾರಿಸಿದರೆ ಅಚ್ಚುಕಟ್ಟಿನಲ್ಲಿ, ಅಂದರೆ ಕಾಲುವೆ ನೀರು ಹರಿಯುವ ಪ್ರದೇಶದಲ್ಲಿ, ಜಮೀನಿದ್ದವರಷ್ಟೇ ಬರುತ್ತಾರೆ. ಮೀನು ಹಿಡಿಯುವವರು, ಕುರಿ ಮೇಯಿಸುವವರು, ನಾಟಿ ಮತ್ತು ಕಳೆ ಕೀಳುವ ಕೂಲಿಗೆ ಹೋಗುವ ಹೆಂಗಸರು ಅದು ತಮ್ಮ ಸಭೆಯಲ್ಲ ಅಂದುಕೊಳ್ಳುತ್ತಾರೆ. ಲೈನಿಂಗ್ (ಕಾಲುವೆಯ ಒಳಮೈಗೆ ಕಾಂಕ್ರೀಟ್ ಹೊದಿಸುವ) ಕೆಲಸಕ್ಕೆಂದು ಒಂದು ಬೆಳೆಗೆ ನೀರು ನಿಲ್ಲಿಸಿದರೆ ಆ ಹೆಂಗಸರ ಕೂಲಿಯೂ ತಪ್ಪುತ್ತದೆ ಅಲ್ವಾ?

ತುಂಗಭದ್ರೆಯ ವಿಜಯನಗರ ಕಾಲುವೆಗಳನ್ನೇ ನೋಡಿ, ವಿಜಯನಗರದ ಅರಸರ ಕಾಲದವು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಅವುಗಳ ಆಧುನೀಕರಣ ಕೈಗೆತ್ತಿಕೊಂಡರು. ಅವುಗಳಲ್ಲಿ ತುರ್ತಾ ಕಾಲುವೆ ಹಂಪಿಯ ಪರಿಸರದಲ್ಲೇ ಹರಿಯುತ್ತದೆ, ಇವತ್ತಿಗೂ ಗದ್ದೆ ತೋಟಗಳಿಗೆ ನೀರು ಉಣಿಸುತ್ತದೆ. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಹಾಗಾಗಿ ಅಲ್ಲಿ ರೈತರು ಹೂಂ ಅಂದರೆ ಸಾಲದು, ಪುರಾತತ್ವ ಇಲಾಖೆಯೂ ಹಂಪಿ ಪ್ರಾಧಿಕಾರವೂ ಲೆಕ್ಕಕ್ಕೆ ಬರುತ್ತವೆ. ಅವರಿಗೆ ನೀರಿನಲ್ಲಿ ಪಾಲಿಲ್ಲ, ಬೇಡ ಅನ್ನುವ ಅಧಿಕಾರ ಇದೆ. ಒಂದೇ ಪದ ಇವರೆಲ್ಲರನ್ನೂ ಒಳಗೊಳ್ಳಬೇಕು.

‘ಫಲಾನುಭವಿಗಳು’ ಲಾಭವನ್ನಷ್ಟೇ ಹೇಳುತ್ತದೆ, ‘ಸಂತ್ರಸ್ತರು’ ನಷ್ಟವನ್ನಷ್ಟೇ. ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯಲ್ಲಿ ಎರಡೂ ಪದ ಬೇಕಾದವು. ಆಲಮಟ್ಟಿ ಹಿನ್ನೀರಿನಲ್ಲಿ ಬಾಗಲಕೋಟೆಯ ಕಡೆ ಮನೆ ಹೊಲ ಮುಳುಗಿತು, ನೀರು ಹರಿದದ್ದು ಬೇರೆಯವರ ಹೊಲಕ್ಕೆ. ಪುನರ್ವಸತಿ ಸರಿಯಾಗಿಲ್ಲವೆಂದು 1990ರ ದಶಕದಲ್ಲಿ ವಿಶ್ವಬ್ಯಾಂಕ್ ಹಣ ಕೊಡುವುದನ್ನು ತಡೆಹಿಡಿಯಿತು. ಮುಳುಗಡೆಯವರ ವಿಷಯ ಇಡೀ ಯೋಜನೆಯನ್ನೇ ತಟ್ಟಿತು. ಅವರನ್ನು ‘ಸಂತ್ರಸ್ತರು’ ಎಂದಷ್ಟೇ ಕರೆದರೆ ಈ ತೂಕ ಕಾಣುವುದಿಲ್ಲ.

ನನಗೆ ಇಷ್ಟವಾದದ್ದು ‘ಬಳಕೆದಾರರು’. ವಿಶ್ವಬ್ಯಾಂಕ್ ನೆರವಿನಲ್ಲಿ ಜಲಸಂವರ್ಧನೆ ಯೋಜನಾ ಸಂಘ ಕೆರೆಗಳ ಕೆಲಸ ನಡೆಸಿದಾಗ ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳಾದವು. ಜಮೀನಿಲ್ಲದವರೂ ಕೆರೆ ಬಳಸುತ್ತಾರೆ, ಅವರೂ ಸೇರಬೇಕು ಅನ್ನುವ ಅರ್ಥ ಆ ಪದದಲ್ಲೇ ಇದೆ. ಆದರೆ ಹಿನ್ನೀರಿನಲ್ಲಿ ಮನೆ ಮುಳುಗಿದವರನ್ನು ಬಳಕೆದಾರರು ಅನ್ನಲಾಗದು.

ಇನ್ನೊಂದು ಮಾತು ‘ಡೋನರ್’ ಬಗ್ಗೆ. ‘ದಾನಿ ಸಂಸ್ಥೆ’ ಎಂದು ಬರೆದದ್ದು ನೋಡಿದ್ದೇನೆ. ಈ ಬ್ಯಾಂಕುಗಳು ಇಂಥ ಕಾಮಗಾರಿಗಳಿಗೆ ಕೊಡುವುದು ಹೆಚ್ಚಾಗಿ ಸಾಲ, ಅದನ್ನು ಸರ್ಕಾರ ತೀರಿಸಬೇಕು. ದಾನ ಅಂದರೆ ಸುಮ್ನೆ ಬಂದ ಹಣ, ಪ್ರಶ್ನೆ ಕೇಳುವಂತಿಲ್ಲ ಅನ್ನುವ ಭಾವ ಬರುತ್ತದೆ. ‘ಸಾಲ ಕೊಟ್ಟ ಬ್ಯಾಂಕ್’ ಅಂತಲೇ ಬರೆಯುವುದು ನನ್ನ ನಿಲುವು. ಅನುದಾನ ಇದ್ದಲ್ಲಿ ಮಾತ್ರ ‘ಅನುದಾನ’ ಅನ್ನೋಣ.

ಹಾಗೆಯೇ ‘ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್’ ಅನ್ನು ‘ನಿರ್ವಹಣೆ’ ಮಾಡಿದರೆ ಜನರನ್ನು ಹೇಗೋ ಸಂಭಾಳಿಸುವ ಕೆಲಸದಂತೆ ಕೇಳುತ್ತದೆ. ಅಲ್ಲಿ ನಡೆಯಬೇಕಾದ್ದು ನೀರು ಯಾವಾಗ ನಿಲ್ಲುತ್ತದೆಂದು ಬಿತ್ತನೆಗೆ ಮೊದಲೇ ತಿಳಿಸುವುದು, ದೂರು ಬರೆದುಕೊಳ್ಳುವುದು, ಉತ್ತರ ಕೊಡುವುದು. ಆ ಅಧ್ಯಾಯಕ್ಕೆ ‘ಊರಿನವರ ಜೊತೆ ಮಾತುಕತೆ’ ಎಂದು ಹೆಸರಿಟ್ಟಿದ್ದೇನೆ. ಪುರಾತತ್ವ ಇಲಾಖೆಯಂಥವರು ಅದರಲ್ಲಿ ಹೊರಗುಳಿಯುತ್ತಾರೆ, ಅದೊಂದು ಕೊರತೆ.

ಸದ್ಯಕ್ಕೆ ‘ಸಂಬಂಧಪಟ್ಟವರು’ ಎಂದು ಬರೆದು, ಯಾರು ಯಾರು ಎಂದು ಕೆಳಗೆ ಹೆಸರಿಸುತ್ತಿದ್ದೇನೆ. ಸರ್ಕಾರಿ ವಾಸನೆ ಇದೆ, ಆದರೆ ಯಾರನ್ನೂ ಹೊರಗಿಡುವುದಿಲ್ಲ. ಬಾಗಲಕೋಟೆ, ರಾಯಚೂರು, ಕೊಪ್ಪಳದ ಕಡೆಯವರು ಆಡುಮಾತಿನಲ್ಲಿ ಏನನ್ನುತ್ತೀರಿ? ಹೊಲಗಳಿಗೆ ನೀರು ಬಿಡುವ ನೀರುಗಂಟಿಗಳ ಬಾಯಲ್ಲಿ ಇಂಥದೊಂದು ಪದ ಕೇಳಿದವರಿದ್ದರೆ ಯಾವ ಊರು, ಯಾವ ಸಂದರ್ಭ ಎಂಬುದನ್ನೂ ಸೇರಿಸಿ ಬರೆಯಿರಿ.