ವಲಸೆ ಬಂದವರೇ ಸ್ವಂತ ವ್ಯಾಪಾರಕ್ಕೆ ಇಳಿಯೋದು ಜಾಸ್ತಿ, ಯಾಕೆ?

ಕುತೂಹಲಿ:
ಬೇರೆ ಊರು, ಬೇರೆ ದೇಶದಿಂದ ಬಂದವರು ನಾಲ್ಕೈದು ವರ್ಷಕ್ಕೆಲ್ಲ ಒಂದು ಸಣ್ಣ ವ್ಯಾಪಾರ ಶುರು ಮಾಡಿರುತ್ತಾರೆ. ಹುಟ್ಟಿದಾಗಿನಿಂದ ಇಲ್ಲೇ ಇರುವ ನಾವು ಇನ್ನೂ ‘ಮುಂದಿನ ವರ್ಷ ನೋಡೋಣ’ ಅಂತಿರುತ್ತೇವೆ. ಭಾಷೆ ಬರಲ್ಲ, ಗುರುತಿನವರಿಲ್ಲ, ಬ್ಯಾಂಕ್ ಸಾಲ ಹುಟ್ಟಲ್ಲ, ಆದರೂ ಹೇಗೆ? ಬರೀ ಕಷ್ಟಪಡೋ ಗುಣನಾ? ನನಗಂತೂ ಅವರನ್ನು ಕಂಡರೆ ಮೆಚ್ಚುಗೆ. ಅದನ್ನು ಹೇಗೆ ತೋರಿಸೋದು ಅಂತ ಗೊತ್ತಾಗಲ್ಲ.

ರಿಪೇರಿಯವ:
ನಾನೂ ಹಾಗೆ ಬಂದವನೇ. ಧೈರ್ಯ ಗೀರ್ಯ ಏನಿಲ್ಲ. ನಾನು ಓದಿದ ಡಿಪ್ಲೊಮಾ ಇಲ್ಲಿ ನಡೆಯಲ್ಲ ಅಂದರು. ಇಂಟರ್‌ವ್ಯೂಗೆ ಹೋದರೆ ನಾನು ಬಾಯಿ ಬಿಡುತ್ತಿದ್ದ ಹಾಗೇ ಎದುರಿನವರ ಮುಖ ಬದಲಾಗುತ್ತಿತ್ತು. ಯಾರೂ ಕೆಲಸ ಕೊಡದಿದ್ದಾಗ ನನಗೆ ನಾನೇ ಕೊಟ್ಟುಕೊಂಡೆ, ಅಷ್ಟೇ. ಬಂಡವಾಳ ಅಂದರೆ ನಮ್ಮವರು ಹನ್ನೆರಡು ಜನ ಸೇರಿ ಕಟ್ಟುತ್ತಿದ್ದ ಚೀಟಿ ದುಡ್ಡು. ಕಾಗದ ಪತ್ರ ಏನೂ ಇಲ್ಲ, ಕೈಕೊಟ್ಟರೆ ಆಮೇಲೆ ಯಾರಿಗೂ ಮುಖ ತೋರಿಸೋ ಹಾಗಿಲ್ಲ ಅನ್ನೋದೇ ಗ್ಯಾರಂಟಿ. ಕೌಂಟರ್ ಕೆಳಗೆ ಒಂದು ನೋಟ್‌ಬುಕ್ ಇಟ್ಟು, ಗಿರಾಕಿಗಳ ಮಾತನ್ನು ನನ್ನ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಮೊದಲ ಪುಟದಲ್ಲಿ ಮೂರೇ ಮಾತು: ನಾಳೆ ಬನ್ನಿ, ಚಿಲ್ಲರೆ ಇಲ್ಲ, ತಪ್ಪು ನನ್ನದೇ. ಮೂರನೆಯದನ್ನು ತಪ್ಪಿಲ್ಲದಿದ್ದಾಗ ಬಳಸಿದ್ದೇ ಜಾಸ್ತಿ.

ಹಳೇಪೇಪರ್:
ನನಗೆ ಇಂಗ್ಲೆಂಡಿನ ಲೆಸ್ಟರ್ ನಗರ ನೆನಪಾಯಿತು. 1972ರಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ 90 ದಿನದಲ್ಲಿ ಜಾಗ ಖಾಲಿ ಮಾಡಿ ಅಂದ. ಸುಮಾರು 28,000 ಜನ ಆಸ್ತಿಪಾಸ್ತಿ ಬಿಟ್ಟು ಬ್ರಿಟನ್‌ಗೆ ಬಂದರು. ಆಗ ಲೆಸ್ಟರ್ ನಗರಸಭೆ ಏನು ಮಾಡಿತು ಗೊತ್ತಾ? ಉಗಾಂಡಾದ ಪತ್ರಿಕೆಯಲ್ಲೇ ಜಾಹೀರಾತು ಕೊಟ್ಟಿತು, ಇಲ್ಲಿ ಮನೆ ಇಲ್ಲ, ಶಾಲೆಯಲ್ಲಿ ಜಾಗ ಇಲ್ಲ, ನಮ್ಮೂರಿಗೆ ಬರಬೇಡಿ ಅಂತ. ನಗರಸಭೆಯೇ ದುಡ್ಡು ಖರ್ಚು ಮಾಡಿ ಬೇಡ ಅಂದ ಜನ ಇವರು! ಆದರೂ ಸಾವಿರಾರು ಜನ ಅಲ್ಲಿಗೇ ಹೋದರು, ಕಾರ್ಖಾನೆಗಳಲ್ಲಿ ದುಡಿದರು, ಬೆಲ್‌ಗ್ರೇವ್ ರಸ್ತೆಯಲ್ಲಿ ಅಂಗಡಿ ಹಾಕಿದರು. ಈಗ ಆ ರಸ್ತೆ ‘ಗೋಲ್ಡನ್ ಮೈಲ್’. ಪ್ರವಾಸಿಗಳನ್ನು ಅಲ್ಲಿಗೆ ಕರೆಯೋದೂ ಅದೇ ಊರು.

ಲೆಕ್ಕದವಳು:
ಮೆಚ್ಚಿ, ಬೇಡ ಅನ್ನಲ್ಲ. ಆದರೆ ನಮ್ಮ ಕಣ್ಣಿಗೆ ಬೀಳೋದು ಉಳಿದುಕೊಂಡ ಅಂಗಡಿ ಮಾತ್ರ, ಬಾಗಿಲು ಹಾಕಿದ್ದು ಬೀಳಲ್ಲ. ಗಂಡನಿಗೆ ರಜಾ ಇಲ್ಲ, ಹೆಂಡತಿಗೆ ಸಂಬಳ ಇಲ್ಲ, ಮಕ್ಕಳ ಹೋಂವರ್ಕ್ ಗಲ್ಲಾದ ಪಕ್ಕದಲ್ಲಿ. ಗಂಟೆ ಲೆಕ್ಕ ಹಾಕಿದರೆ ಎಷ್ಟೋ ಸಲ ಕೂಲಿಯೂ ಗಿಟ್ಟಲ್ಲ. ‘ಅವರು ಕಷ್ಟಜೀವಿಗಳಪ್ಪ’ ಅನ್ನೋದು ಕೆಲವರ ಬಾಯಲ್ಲಿ ‘ಕಡಿಮೆ ಕೊಟ್ಟರೂ ನಡೆಯುತ್ತೆ’ ಅನ್ನೋದಕ್ಕೆ ಪೀಠಿಕೆ. ಮತ್ತೆ, ಅಂಗಡಿ ಗಿಂಗಡಿ ಇಡದೆ ಸುಮ್ನೆ ಕೂಲಿ ಮಾಡಿಕೊಂಡಿರೋನೂ ದುಡಿಯುತ್ತಾನೆ ಅಲ್ವಾ? ಅವನನ್ನು ಯಾರೂ ಹೊಗಳಲ್ಲ.

ಕುತೂಹಲಿ:
ಇದು ಹೊಳೆದಿರಲಿಲ್ಲ. ಸರಿ, ಹಾಗಾದರೆ ನಾನು ಏನು ಮಾಡಬಹುದು?

ರಿಪೇರಿಯವ:
ಚೌಕಾಸಿ ಮಾಡಿ, ಆದರೆ ಬೇರೆಯವರ ಹತ್ತಿರ ಮಾಡುವಷ್ಟೇ ಮಾಡಿ. ಬಾಕಿ ಇದ್ದರೆ ಇವತ್ತೇ ಕೊಡಿ. ಆಮೇಲೆ ಹೆಸರು. ನನ್ನ ಹೆಸರು ನಾಲಿಗೆಗೆ ಹೊರಳಲ್ಲ ಅಂತ ಒಬ್ಬ ಗಿರಾಕಿ ಆರು ವರ್ಷದಿಂದ ತಮಗೆ ಸುಲಭ ಆದ ಹೆಸರಿನಲ್ಲಿ ಕರೆಯುತ್ತಿದ್ದಾರೆ. ನಾನೂ ಓಗೊಡುತ್ತಿದ್ದೇನೆ.