ಟವರ್ ಎಂಜಿನಿಯರ್‌ಗೆ ಕೇಳಿ: ಫೋನ್ ಎಲ್ಲಿದೆ ಅಂತ ನೆಟ್‌ವರ್ಕಿಗೆ ಹೇಗೆ ಗೊತ್ತಾಗುತ್ತೆ?

ಮಂಡ್ಯದ ಹುಡುಗ: ಸಾರ್, ನಂಬರ್ ಹಾಕಿದ್ರೆ ಲೊಕೇಶನ್ ತೋರ್ಸೋ ಆ್ಯಪ್ ನಿಜವಾ?

ಎಂಜಿನಿಯರ್: ಸುಳ್ಳು.

ಕಾಫಿತೋಟ: ಸಕಲೇಶಪುರದ ಹತ್ರ ನಮ್ಮೂರು. ಅಪ್ಪನಿಗೆ 74, ಈಚೆಗೆ ಮರೆವು. ಹೋದ ತಿಂಗಳು ಸಂಜೆ ತೋಟದಿಂದ ವಾಪಸ್ ಬರ್ಲಿಲ್ಲ. ಟವರ್ ಲೊಕೇಶನ್ ಹೊಳೆಯಾಚೆ ಊರು ಅಂತ ಬಂತು, ರಾತ್ರಿಯೆಲ್ಲ ಅಲ್ಲೇ ಹುಡುಕಿದ್ವಿ. ಬೆಳಿಗ್ಗೆ ಸಿಕ್ಕಿದ್ದು ನಮ್ಮದೇ ಗುಡ್ಡದ ನೆತ್ತೀಲಿ, ತಲೆ ಮೇಲೆ ಕೆಸುವಿನೆಲೆ ಇಟ್ಕೊಂಡು ಕೂತಿದ್ರು. ಟವರ್ ಯಾಕೆ ಸುಳ್ಳು ಹೇಳ್ತು?

ಎಂಜಿನಿಯರ್: ಸದ್ಯ, ಸಿಕ್ಕಿದ್ರಲ್ಲ. ಟವರ್ ಸುಳ್ಳು ಹೇಳಿಲ್ಲ. ಫೋನ್ ಹಿಡಿಯೋದು ಹತ್ತಿರದ ಟವರನ್ನಲ್ಲ, ಜೋರಾಗಿ ಕೇಳಿಸೋದನ್ನ. ನೆತ್ತಿಗೆ ನಿಮ್ಮೂರಿನ ಟವರ್ ಮರೆಯಾಗಿ, ಕಣಿವೆಯಾಚೆಯದು ಎದುರಿಗೇ ಇದ್ದಿರಬೇಕು. ಟವರಿಗೆ ಸಾಮಾನ್ಯವಾಗಿ ಮೂರು ಸೆಕ್ಟರ್, ಒಂದೊಂದು 120 ಡಿಗ್ರಿ. ಯಾವ ಸೆಕ್ಟರ್ ಅಂತ ಕೇಳಿದ್ರೆ ದಿಕ್ಕು ಸಿಗುತ್ತೆ. ದೂರಕ್ಕೆ ಟೈಮಿಂಗ್ ಅಡ್ವಾನ್ಸ್ ಅಂತ ಒಂದು ಲೆಕ್ಕ ಇದೆ, ಸಿಗ್ನಲ್ ಹೋಗಿಬರೋ ಸಮಯದ್ದು. 2ಜಿಯಲ್ಲಿ ಒಂದು ಮೆಟ್ಟಿಲಿಗೆ ಸುಮಾರು 550 ಮೀಟರ್, 4ಜಿಯಲ್ಲಿ ಸುಮಾರು 78. ಆ ದೂರಕ್ಕೆ ನಕ್ಷೆ ಮೇಲೆ ಕಮಾನು ಎಳೆದಿದ್ರೆ ಅದು ನಿಮ್ಮ ಗುಡ್ಡದ ಮೇಲೇ ಹಾದುಹೋಗ್ತಿತ್ತು. ಇನ್ನೊಂದು, ಸುಮ್ಮನಿರೋ ಫೋನ್ ಯಾವ ಟವರಲ್ಲಿದೆ ಅಂತ ನೆಟ್‌ವರ್ಕಿಗೂ ಗೊತ್ತಿರಲ್ಲ. ಹತ್ತಾರು ಟವರುಗಳ ಒಂದು ಏರಿಯಾ ಅಷ್ಟೇ ಗೊತ್ತು. ಕರೆ ಬಂದಾಗ ಆ ಏರಿಯಾ ಪೂರ್ತಿ ಕೂಗುತ್ತೆ, ಫೋನ್ ಓಗೊಡುತ್ತೆ. ಅವರದು ಕೀಪ್ಯಾಡ್ ಸೆಟ್ಟಾ? ಹೌದಾದ್ರೆ ಕೊರಳಿಗೆ ಜಿಪಿಎಸ್ ಟ್ರ್ಯಾಕರ್ ಹಾಕಿ. ಸ್ಮಾರ್ಟ್ ಫೋನಾದ್ರೆ ಲೊಕೇಶನ್ ಶೇರಿಂಗ್ ಇವತ್ತೇ ಆನ್ ಮಾಡಿ.

ಹುಬ್ಳಿ ಖಾರಾ: *#21# ಒತ್ತಿದ್ರ ನಮ್ಮನ್ನ ಯಾರ ಟ್ರ್ಯಾಕ್ ಮಾಡ್ಲಿಕ್ಹತ್ಯಾರ ಗೊತ್ತಾಗ್ತದಂತ. ಫಾರ್ವರ್ಡ್ ಬಂದದ.

ಎಂಜಿನಿಯರ್: ಅದು ಕಾಲ್ ಫಾರ್ವರ್ಡ್ ಆನ್ ಇದೆಯಾ ಅಂತ ತೋರ್ಸೋ ಕೋಡ್, ಅಷ್ಟೇ. *401* ಹಾಕಿ ಈ ನಂಬರ್ ಒತ್ತಿ ಅಂತ ಯಾರಾದ್ರೂ ಹೇಳಿದ್ರೆ ಮಾತ್ರ ಒತ್ಲೇಬೇಡಿ. ನಿಮ್ಮ ಕರೆಗಳೆಲ್ಲ ಕಳ್ಳನ ಫೋನಿಗೆ ಹೋಗ್ತವೆ. ಇಂಥದ್ದನ್ನ ಇಲ್ಲಿ ಹಂಚಬೇಡಿ, ಕೈಮುಗಿತೀನಿ.

ಮೆಜೆಸ್ಟಿಕ್ ಬಸ್ಸು: ಮನೆಯವಳ ಫೋನ್ ಎಲ್ಲಿದೆ ಅಂತ ಅವಳಿಗೆ ಗೊತ್ತಾಗದ ಹಾಗೆ ನೋಡ್ಬಹುದಾ?

ಗುಬ್ಬಚ್ಚಿ: ಎಲ್ಲಿದೀಯಾ ಅಂತ ಅವರನ್ನೇ ಕೇಳೋಕೆ ಏನ್ ಕಷ್ಟ?

ಮೆಜೆಸ್ಟಿಕ್ ಬಸ್ಸು: ನಿಮ್ಮನ್ನ ಕೇಳಿದ್ನಾ?

ಗುಬ್ಬಚ್ಚಿ: ಗ್ರೂಪಲ್ಲಿ ಕೇಳಿದ್ರಲ್ಲ, ಗ್ರೂಪೇ ಹೇಳ್ತಿದೆ.

ಹುಬ್ಳಿ ಖಾರಾ: ಇಬ್ರೂ ಹೊರಗ ಹೋಗಿ ಜಗಳಾ ಆಡ್ರಿ.

ಮಂಡ್ಯದ ಹುಡುಗ: ಸ್ವಿಚ್ ಆಫ್ ಆದ್ರೂ ಸಿಗುತ್ತಾ ಸಾರ್?

ಎಂಜಿನಿಯರ್: ನೆಟ್‌ವರ್ಕಿಂದ ಸಿಗೋದು ಆಫ್ ಆಗೋ ಮುಂಚಿನ ಕೊನೆ ದಾಖಲೆ, ಅದೂ ಪೊಲೀಸರ ಮೂಲಕ.

ಮಂಡ್ಯದ ಹುಡುಗ: ಐಎಂಇಐ, ಅಂದ್ರೆ ಸೆಟ್ಟಿನ ಗುರುತಿನ ನಂಬರ್ ಹಾಕೋ ಆ್ಯಪ್?

ಎಂಜಿನಿಯರ್: ಮೊದಲ ಉತ್ತರ ಓದಿ.

ಕಾಫಿತೋಟ: ಕೀಪ್ಯಾಡೇ ಸಾರ್. ಆ ರಾತ್ರಿ ನಲವತ್ತು ಸಲ ರಿಂಗ್ ಮಾಡಿದ್ವಿ. ಬ್ಯಾಟರಿ ಸಾಯಿಸಿದ್ದು ನಾವೇನಾ?

ಎಂಜಿನಿಯರ್: ಅದು ಓಗೊಟ್ಟಿದ್ದೇ ಆ ರಿಂಗುಗಳಿಗೆ.

ಹುಬ್ಳಿ ಖಾರಾ: *#62# ಅಂತ ಇನ್ನೊಂದು ಬಂತು ನೋಡ್ರಿ.